ಪಾಲಿಫಿನಾಲ್ ಮತ್ತು ಹೃದಯ: ಉತ್ತರ ಕನ್ನಡದ ಅಡುಗೆಮನೆಯಿಂದ ಪದೇ ಪದೇ ಬರುವ ಪ್ರಶ್ನೆಗಳು

ಶಿರಸಿ ಪೇಟೆಯಲ್ಲಿರಲಿ, ಕುಮಟಾ, ಕಾರವಾರದ ಕಡೆಯಿರಲಿ, ಹೃದಯದ ಮಾತು ಬಂದರೆ ಈಗ ಪಾಲಿಫಿನಾಲ್ ಅನ್ನುವ ಹೆಸರು ಬಂದೇ ಬರುತ್ತದೆ. ಮೊಬೈಲ್ ಸಂದೇಶದಲ್ಲಿ ಅದೇ, ಮೆಡಿಕಲ್ ಶಾಪಿನ ಡಬ್ಬಿಯ ಮೇಲೂ ಅದೇ. ಜನ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಊಟದಲ್ಲಿ ಪಾಲಿಫಿನಾಲ್ ಬೇಕಾದಷ್ಟು ಇದೆ. ಅದನ್ನು ಡಬ್ಬಿಯಲ್ಲಿ ಕೊಳ್ಳಬೇಕಾಗಿಲ್ಲ. ಅದನ್ನು ನಂಬಿ ಬಿಪಿ ಮಾತ್ರೆ ಬಿಡುವುದಂತೂ ಬೇಡವೇ ಬೇಡ.

ಪಾಲಿಫಿನಾಲ್ ಅಂದರೆ ಏನು?

ಗಿಡಗಳು ಹುಳ, ಬೂಷ್ಟು, ಬಿಸಿಲಿನಿಂದ ತಮ್ಮನ್ನು ಕಾಪಾಡಿಕೊಳ್ಳಲು ತಯಾರಿಸುವ ರಾಸಾಯನಿಕಗಳ ದೊಡ್ಡ ಗುಂಪು. ಇಲ್ಲಿಯವರೆಗೆ ಸುಮಾರು 8,000 ಬಗೆ ಗುರುತಿಸಿದ್ದಾರೆ. ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಹತ್ತುವ ಬಣ್ಣ, ಅರಿಶಿನದ ಹಳದಿ, ಕಡಕ್ ಚಹಾದ ಒಗರು, ಬಾಳೆಕಾಯಿ ಹೆಚ್ಚಿದಾಗ ಬೆರಳಿಗೆ ಅಂಟುವ ಕಪ್ಪು ಕಲೆ, ಇವೆಲ್ಲ ಅದರದ್ದೇ ಕೆಲಸ. ಬಾಯಿ ಒಗರಾಗುವುದು ಯಾಕೆಂದರೆ ಈ ವಸ್ತುಗಳು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಇದು ವಿಟಮಿನ್ ಅಲ್ಲ. ತಿನ್ನದಿದ್ದರೆ ಕೊರತೆಯ ರೋಗ ಅಂತ ಯಾವುದೂ ಬರುವುದಿಲ್ಲ.

ಹೃದಯಕ್ಕೆ ಒಳ್ಳೆಯದು ಅಂತ ಗೊತ್ತಾಗಿದ್ದು ಹೇಗೆ?

ದೊಡ್ಡ ಸುದ್ದಿಯಾದ ಮೊದಲ ಕೆಲಸ ನೆದರ್ಲೆಂಡ್ಸಿನ ಜುಟ್ಫೆನ್ ಊರಿನದ್ದು. 65ರಿಂದ 84 ವರ್ಷದ 805 ಗಂಡಸರ ಊಟದ ಲೆಕ್ಕ ತೆಗೆದುಕೊಂಡು 5 ವರ್ಷ ನೋಡಿದರು. 1993ರಲ್ಲಿ ಫಲಿತಾಂಶ ಬಂತು. ಪಾಲಿಫಿನಾಲ್‌ಗಳಲ್ಲೇ ಒಂದು ಗುಂಪಾದ ಫ್ಲೇವನಾಯ್ಡ್ ಜಾಸ್ತಿ ತಿಂದವರಲ್ಲಿ ಹೃದಯಾಘಾತದ ಸಾವು ಕಡಿಮೆ ಇತ್ತು. ಆ ಫ್ಲೇವನಾಯ್ಡ್ ಬಂದಿದ್ದು ವಿಶೇಷ ಆಹಾರದಿಂದಲ್ಲ. ಮುಕ್ಕಾಲು ಪಾಲು ಚಹಾ ಮತ್ತು ಈರುಳ್ಳಿಯಿಂದಲೇ, ಆಮೇಲೆ ಸೇಬಿನಿಂದ.

ಆದರೆ ಇಂಥ ಅಧ್ಯಯನಕ್ಕೆ ಒಂದು ಮಿತಿ ಇದೆ. ಹಣ್ಣು ತರಕಾರಿ ಜಾಸ್ತಿ ತಿನ್ನುವವರು ಸಾಮಾನ್ಯವಾಗಿ ಬೀಡಿ ಸಿಗರೇಟು ಕಡಿಮೆ ಸೇದುತ್ತಾರೆ, ಓಡಾಡುತ್ತಾರೆ, ಕೈಯಲ್ಲಿ ಸ್ವಲ್ಪ ದುಡ್ಡೂ ಇರುತ್ತದೆ. ಲಾಭ ಯಾವುದರಿಂದ ಆಯಿತು ಅಂತ ಬೇರ್ಪಡಿಸುವುದು ಕಷ್ಟ. ಜೊತೆಗೆ, ನೀವು ಕಳೆದ ವಾರ ಎಷ್ಟು ಈರುಳ್ಳಿ ತಿಂದಿರಿ ಅಂತ ಕೇಳಿದರೆ ಸರಿಯಾಗಿ ಹೇಳುತ್ತೀರಾ? ಇಲ್ಲ ಅಲ್ವಾ?

ಆ ಎರಡನೇ ತೊಂದರೆಗೆ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಒಳ್ಳೆಯ ದಾರಿ ಹುಡುಕಿದರು. 25,000ಕ್ಕೂ ಹೆಚ್ಚು ಜನರ ಮೂತ್ರದಲ್ಲಿ ಫ್ಲೇವನಾಯ್ಡ್ ಗುಂಪಿನದ್ದೇ ಒಂದು ಬಗೆಯಾದ ಫ್ಲೇವನಾಲ್‌ನ ಗುರುತುಗಳನ್ನೇ ಅಳೆದರು. ಬಾಯಿಮಾತಿನ ಲೆಕ್ಕ ಬೇಕಾಗಲಿಲ್ಲ. 2020ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಅತಿ ಹೆಚ್ಚು ಇದ್ದ ಹತ್ತು ಶೇಕಡಾ ಜನರ ಮೇಲಿನ ಬಿಪಿ, ಅತಿ ಕಡಿಮೆ ಇದ್ದ ಹತ್ತು ಶೇಕಡಾ ಜನರಿಗಿಂತ ಸುಮಾರು 2 ಪಾಯಿಂಟ್ ಕಡಿಮೆ. ಒಬ್ಬರ ಮಟ್ಟಿಗೆ ಇದು ಚಿಕ್ಕ ಸಂಖ್ಯೆ. ಇಡೀ ಜಿಲ್ಲೆಯ ಬಿಪಿ 2 ಪಾಯಿಂಟ್ ಇಳಿದರೆ ಅದು ಚಿಕ್ಕದಲ್ಲ.

ದೇಹದ ಒಳಗೆ ಇದು ಏನು ಮಾಡುತ್ತದೆ? ಆಂಟಿಆಕ್ಸಿಡೆಂಟ್ ಅಂತಾರಲ್ಲ?

ಆಂಟಿಆಕ್ಸಿಡೆಂಟ್ ಆಗಿ, ಅಂದರೆ ಆಕ್ಸಿಡೀಕರಣದ ಹಾನಿ ತಡೆದು, ಕಾಪಾಡುತ್ತದೆ ಅನ್ನುವ ವಿವರಣೆ ಹಳೆಯದಾಯಿತು. ಟೆಸ್ಟ್ ಟ್ಯೂಬಿನಲ್ಲಿ ಪಾಲಿಫಿನಾಲ್ ಒಳ್ಳೆಯ ಆಂಟಿಆಕ್ಸಿಡೆಂಟ್ ಹೌದು. ಆದರೆ ತಿಂದದ್ದರಲ್ಲಿ ಸಣ್ಣ ಪಾಲು ಮಾತ್ರ ರಕ್ತಕ್ಕೆ ನೇರವಾಗಿ ಸೇರುತ್ತದೆ, ಅದೂ ರೂಪ ಬದಲಿಸಿಕೊಂಡು. ಹೆಚ್ಚಿನದು ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಚಿಕ್ಕ ಚಿಕ್ಕ ಆಮ್ಲಗಳನ್ನಾಗಿ ಮಾಡುತ್ತವೆ. ಕೆಲಸ ಮಾಡುವುದು ಬಹುಶಃ ಅವು. ಒಂದೇ ಆಹಾರ ಇಬ್ಬರು ತಿಂದರೂ ಪರಿಣಾಮ ಬೇರೆ ಬೇರೆ ಆಗಲು ಒಂದು ಕಾರಣ ಇದು. ಕರುಳಿನ ಬ್ಯಾಕ್ಟೀರಿಯಾ ಇಬ್ಬರಲ್ಲೂ ಒಂದೇ ಥರ ಇರುವುದಿಲ್ಲ.

ಈಗ ಹೆಚ್ಚು ಒಪ್ಪಿಗೆ ಇರುವುದು ರಕ್ತನಾಳದ ಒಳಪದರದ ವಿವರಣೆಗೆ. ಆ ಪದರ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಬಿಡುತ್ತದೆ, ಅದರಿಂದ ರಕ್ತನಾಳ ಸಡಿಲವಾಗಿ ಅಗಲವಾಗುತ್ತದೆ. ಈ ಅನಿಲದ ಪಾತ್ರ ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಕೋಕೋ, ಚಹಾದಲ್ಲಿರುವ ಫ್ಲೇವನಾಲ್‌ಗಳು ಈ ಅನಿಲ ಜಾಸ್ತಿ ಸಿಗುವಂತೆ ಮಾಡುತ್ತವೆ. ಅಳೆಯುವ ಕ್ರಮ ಸರಳ. ತೋಳಿಗೆ ಬಿಪಿ ಪಟ್ಟಿ ಬಿಗಿದು 5 ನಿಮಿಷ ರಕ್ತ ತಡೆಯುತ್ತಾರೆ. ಪಟ್ಟಿ ಬಿಟ್ಟ ಕೂಡಲೇ ರಕ್ತ ನುಗ್ಗುತ್ತದೆ. ಆಗ ರಕ್ತನಾಳ ಎಷ್ಟು ಹಿಗ್ಗಿತು ಅಂತ ಅಲ್ಟ್ರಾಸೌಂಡಿನಲ್ಲಿ ನೋಡುತ್ತಾರೆ. ಆರೋಗ್ಯವಂತ ನಾಳ ಚೆನ್ನಾಗಿ ಹಿಗ್ಗುತ್ತದೆ, ಗಡುಸಾದ ನಾಳ ಹಿಗ್ಗುವುದಿಲ್ಲ.

ಔಷಧಿಗೆ ಮಾಡುವಂಥ ದೊಡ್ಡ ಪ್ರಯೋಗ ನಡೆದಿದೆಯಾ?

ನಡೆದಿದೆ. ಅಮೆರಿಕದ ಕಾಸ್ಮೋಸ್ ಪ್ರಯೋಗದಲ್ಲಿ ವಯಸ್ಸಾದ 21,442 ಜನರಿದ್ದರು. ಅರ್ಧ ಜನಕ್ಕೆ ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ ಇರುವ ಕೋಕೋ ಸಾರದ ಕ್ಯಾಪ್ಸೂಲ್, ಉಳಿದವರಿಗೆ ಬರೀ ತೋರಿಕೆಯ ಕ್ಯಾಪ್ಸೂಲ್. ಯಾರಿಗೆ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಸುಮಾರು ಮೂರೂವರೆ ವರ್ಷದ ನಂತರ, 2022ರಲ್ಲಿ ಉತ್ತರ ಬಂತು. ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿಸಿದ ಮುಖ್ಯ ಲೆಕ್ಕದಲ್ಲಿ 10 ಶೇಕಡಾ ಇಳಿಕೆ ಕಂಡಿತು. ಆದರೆ ಅದು ಕಾಕತಾಳೀಯವೂ ಆಗಿರಬಹುದಾದಷ್ಟು ಚಿಕ್ಕದು. ಹೃದಯ ರೋಗದಿಂದಾದ ಸಾವು ಮಾತ್ರ 27 ಶೇಕಡಾ ಕಡಿಮೆ ಇತ್ತು.

ಮಾರಾಟದವರು ಆ 27ನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಪ್ರಯೋಗ ಶುರುವಾಗುವ ಮೊದಲು ಕೇಳಿಕೊಂಡ ಮುಖ್ಯ ಪ್ರಶ್ನೆಗೆ ಸಿಕ್ಕ ಉತ್ತರ 'ಖಚಿತವಿಲ್ಲ' ಅಂತ. ಆ 27ರ ಎರಡನೇ ಸಾಲಿನ ಫಲಿತಾಂಶ ಆಸೆ ಹುಟ್ಟಿಸುತ್ತದೆ, ಆದರೆ ಅದನ್ನು ಇನ್ನೊಂದು ಪ್ರಯೋಗ ಗಟ್ಟಿ ಮಾಡಬೇಕು. ಕೋಕೋ ಸಾರ ಕೊಟ್ಟದ್ದೂ, ಹಣದ ಒಂದು ಪಾಲು ಕೊಟ್ಟದ್ದೂ ಚಾಕೊಲೇಟ್ ಕಂಪನಿ ಮಾರ್ಸ್ ಅನ್ನುವುದೂ ನೆನಪಿರಲಿ.

ಹಾಗಾದರೆ ಚಾಕೊಲೇಟ್ ತಿನ್ನಬಹುದಾ? ನಮ್ಮ ತೋಟದಲ್ಲೇ ಕೋಕೋ ಇದೆ.

ರುಚಿಗೆ ತಿನ್ನಿ. ಹೃದಯಕ್ಕೆ ಅಂತ ತಿನ್ನಬೇಡಿ. ಅಡಿಕೆ ಮರದ ನಡುವಿನ ಕೋಕೋ ಕಾಯಿ ಒಡೆದಾಗ ಬೀಜದಲ್ಲಿ ಫ್ಲೇವನಾಲ್ ಚೆನ್ನಾಗಿಯೇ ಇರುತ್ತದೆ. ಹುದುಗು ಬರಿಸುವಾಗ, ಒಣಗಿಸುವಾಗ, ಹುರಿಯುವಾಗ ಕಡಿಮೆಯಾಗುತ್ತಾ ಬರುತ್ತದೆ. ಪುಡಿಯ ಬಣ್ಣ ಗಾಢವಾಗಲಿ ಅಂತ ಕ್ಷಾರ ಹಾಕಿದರೆ ಉಳಿದದ್ದರಲ್ಲೂ ಬಹುಪಾಲು ಹೋಗುತ್ತದೆ. ಅಂಗಡಿಯ ಹಾಲಿನ ಚಾಕೊಲೇಟಿನಲ್ಲಿ ಮುಖ್ಯವಾಗಿ ಸಿಗುವುದು ಸಕ್ಕರೆ ಮತ್ತು ಕೊಬ್ಬು.

ಮುರುಗಲು ಹೃದಯಕ್ಕೆ ಒಳ್ಳೆಯದಾ?

ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಘಟ್ಟದ ಮೇಲೆ ಮುರುಗಲು, ಕರಾವಳಿಯ ಕೊಂಕಣಿ ಮನೆಗಳಲ್ಲಿ ಭಿರಂಡ, ಪೇಟೆಯಲ್ಲಿ ಕೋಕಂ. ಇದರ ಕೆಂಪು ಆಂಥೋಸಯನಿನ್ ಗುಂಪಿನ ಪಾಲಿಫಿನಾಲ್. ಸಿಪ್ಪೆಯಲ್ಲಿ ಗಾರ್ಸಿನಾಲ್ ಅನ್ನುವ ಇನ್ನೊಂದು ವಸ್ತುವೂ ಇದೆ. ಆ ಕೆಂಪು ಪಾಲಿಫಿನಾಲ್ ಅಂತ ಮನೆಯಲ್ಲೇ ನೋಡಬಹುದು. ಸಿಪ್ಪೆ ನೆನೆಸಿದ ನೀರನ್ನು ಒಂದು ಲೋಟಕ್ಕೆ ಹಾಕಿ ಚಿಟಿಕೆ ಅಡುಗೆ ಸೋಡಾ ಬೆರೆಸಿ. ನೊರೆ ಬಂದು, ಕೆಂಪು ಹೋಗಿ ನೀಲಿ ಕಡೆಗೆ ತಿರುಗುತ್ತದೆ. ನಿಂಬೆ ಹಿಂಡಿದರೆ ಮತ್ತೆ ಕೆಂಪಾಗುತ್ತದೆ. ಆಂಥೋಸಯನಿನ್ ಗುಣವೇ ಅದು. ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಮಕ್ಕಳಿಗೆ ಮಾಡಿ ತೋರಿಸಿ, ತುಂಬಾ ಖುಷಿಪಡುತ್ತಾರೆ.

ಹೃದಯದ ವಿಷಯಕ್ಕೆ ಬಂದರೆ, ಮುರುಗಲಿನ ಮೇಲೆ ನಡೆದ ಕೆಲಸದಲ್ಲಿ ಹೆಚ್ಚಿನದು ಪ್ರಯೋಗಾಲಯದ ಕೋಶಗಳ ಮೇಲೆ, ಇಲಿಗಳ ಮೇಲೆ. ಇಲಿಗೆ ಕೊಡುವ ಪ್ರಮಾಣ ಮನುಷ್ಯರ ಊಟದ ಪ್ರಮಾಣ ಅಲ್ಲ. ಕಾಸ್ಮೋಸ್ ಥರದ ಪ್ರಯೋಗ ಮುರುಗಲಿಗೆ ಆಗಿಲ್ಲ. ಹಾಗಾಗಿ 'ಕೋಕಂ ಕುಡಿದರೆ ಬ್ಲಾಕ್ ಕರಗುತ್ತದೆ' ಅನ್ನುವ ಸಂದೇಶಕ್ಕೆ ಆಧಾರ ಇಲ್ಲ. ದಯವಿಟ್ಟು ಅದನ್ನು ಮುಂದಕ್ಕೆ ಕಳಿಸಬೇಡಿ.

ಯಾವ ರೂಪದಲ್ಲಿ ತೆಗೆದುಕೊಳ್ಳುತ್ತೀರಿ ಅನ್ನುವುದು ಇದಕ್ಕಿಂತ ಮುಖ್ಯ. ಮಳೆಗೆ ಮೊದಲು ಹಣ್ಣು ಬಿಡಿಸಿ, ಹೋಳು ಮಾಡಿ, ಒಳಗೆ ಸಕ್ಕರೆ ತುಂಬಿ, ಭರಣಿಯಲ್ಲಿಟ್ಟು ಬಿಸಿಲಿಗೆ ಇಟ್ಟರೆ ರಸ ಬಿಡುತ್ತದೆ. ಹಣ್ಣಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಸಕ್ಕರೆ ಹೋಗುತ್ತದೆ. ಆ ಶರಬತ್ತು ದಿನಾ ಎರಡು ಲೋಟ ಕುಡಿದರೆ ಹೃದಯಕ್ಕೆ ತೊಂದರೆಯೇ. ದಿನದ ಶಕ್ತಿಯಲ್ಲಿ 10 ಶೇಕಡಾಕ್ಕಿಂತ ಕಡಿಮೆ ಮಾತ್ರ ಸಕ್ಕರೆಯಿಂದ ಬರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾಧಾರಣ ಊಟ ಮಾಡುವವರಿಗೆ ಅದು ದಿನಕ್ಕೆ ಸುಮಾರು 50 ಗ್ರಾಂ, ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಒಣಗಿಸಿದ ಸಿಪ್ಪೆಯ ಸಾರು ಮಾಡಿ, ಜೀರಿಗೆ ಒಗ್ಗರಣೆ ಹಾಕಿ. ಅನ್ನಕ್ಕೂ ಆಗುತ್ತದೆ, ಸುಮ್ನೆ ಕುಡಿಯುವುದಕ್ಕೂ ಆಗುತ್ತದೆ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆ ಆಗಿದ್ದರೆ ಸಾರಿಗೆ ಬೇರೆ ಉಪ್ಪು ಹಾಕುವ ಮೊದಲು ರುಚಿ ನೋಡಿ.

ಮುರುಗಲು ಬೀಜದ ತುಪ್ಪ ಬೇರೆಯೇ ವಿಷಯ. ಅದು ಕೊಬ್ಬು, ಹೆಚ್ಚಿನದು ಸ್ಯಾಚುರೇಟೆಡ್ ಕೊಬ್ಬು. ಒಡೆದ ಹಿಮ್ಮಡಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಅಪ್ಪೆಮಿಡಿ ಉಪ್ಪಿನಕಾಯಿ?

ಮಾವಿನ ಸಿಪ್ಪೆಯಲ್ಲಿ ಮ್ಯಾಂಜಿಫೆರಿನ್ ಅನ್ನುವ ಪಾಲಿಫಿನಾಲ್ ಇದೆ ನಿಜ. ಆದರೆ ಮಿಡಿ ತಿಂಗಳುಗಟ್ಟಲೆ ಉಪ್ಪಿನಲ್ಲೇ ಕೂತಿರುತ್ತದೆ. ದಿನಕ್ಕೆ ಒಬ್ಬರಿಗೆ ಒಟ್ಟು 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚ, ಅದಕ್ಕಿಂತ ಕಡಿಮೆ ಇರಬೇಕು. ಬಿಪಿ ಇದ್ದವರು ಮಿಡಿಯ ತುದಿ ಕಚ್ಚಿ ಸೊನೆಯ ಪರಿಮಳ ಸವಿಯಲಿ, ಅದರ ರಸವನ್ನು ಅನ್ನಕ್ಕೆ ಸುರಿದುಕೊಳ್ಳುವುದು ಬೇಡ. ಹಸಿ ಮಿಡಿಯ ಅಪ್ಪೆಹುಳಿಯಲ್ಲಿ ಉಪ್ಪು ನಿಮ್ಮ ಕೈಯಲ್ಲೇ ಇರುತ್ತದೆ. ಕಾರವಾರದ ಕಡೆಯ ಒಣಮೀನಿಗೂ ಇದೇ ಮಾತು.

ಚಹಾಕ್ಕೆ ಹಾಲು ಹಾಕಿದರೆ ಗುಣ ಹೋಗುತ್ತದಾ?

2007ರಲ್ಲಿ ಬರ್ಲಿನ್‌ನ ಒಂದು ತಂಡ 16 ಮಹಿಳೆಯರಿಗೆ ಚಹಾ ಕೊಟ್ಟು ನೋಡಿತು. ಬರೀ ಚಹಾ ಕುಡಿದಾಗ ರಕ್ತನಾಳ ಹಿಗ್ಗಿತು, ಹಾಲು ಹಾಕಿದಾಗ ಹಿಗ್ಗಲಿಲ್ಲ. ಅದೊಂದನ್ನೇ ಹಿಡಿದುಕೊಂಡು ಹಾಲಿನ ಚಹಾ ದಂಡ ಅಂತ ಸುದ್ದಿ ಹಬ್ಬಿತು. ಬೇರೆ ಅಧ್ಯಯನಗಳಲ್ಲಿ ಹಾಲು ಹಾಕಿದರೂ ಚಹಾದ ಪಾಲಿಫಿನಾಲ್ ಆದ ಕ್ಯಾಟೆಚಿನ್ ರಕ್ತಕ್ಕೆ ಸೇರುವುದು ಕಂಡಿದೆ. 2022ರಲ್ಲಿ ಬ್ರಿಟನ್ನಿನ ಸುಮಾರು 5 ಲಕ್ಷ ಜನರ ಲೆಕ್ಕ ಬಂತು. ದಿನಕ್ಕೆ ಎರಡು ಕಪ್ ಅಥವಾ ಹೆಚ್ಚು ಚಹಾ ಕುಡಿಯುವವರಲ್ಲಿ ಸಾವಿನ ಪ್ರಮಾಣ 9ರಿಂದ 13 ಶೇಕಡಾ ಕಡಿಮೆ. ಹಾಲು ಹಾಕಿದರೂ ಹಾಕದಿದ್ದರೂ ಅದೇ. ಇದೂ ನೋಡಿದ್ದೇ ಹೊರತು ಪ್ರಯೋಗ ಅಲ್ಲ. ನನ್ನ ಸಲಹೆ: ಹಾಲು ಇರಲಿ, ಸಕ್ಕರೆ ಇಳಿಸಿ.

ಚಹಾದಿಂದ ರಕ್ತ ಕಡಿಮೆಯಾಗುತ್ತದೆ ಅಂತಾರೆ, ನಿಜವಾ?

ಅರ್ಧ ನಿಜ. ಚಹಾದ ಪಾಲಿಫಿನಾಲ್ ಕಾಳು, ಸೊಪ್ಪು, ಅಕ್ಕಿಯಲ್ಲಿರುವ ಕಬ್ಬಿಣಾಂಶವನ್ನು ಹಿಡಿದುಕೊಂಡು ದೇಹಕ್ಕೆ ಸೇರದಂತೆ ಮಾಡುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡಾ ಜನರಿಗೆ ರಕ್ತಹೀನತೆ ಇದೆ. ಗದ್ದೆ, ತೋಟದ ಕೆಲಸಕ್ಕೆ ಹೋಗುವ ಅಕ್ಕಂದಿರು ದೋಸೆ ಜೊತೆಗೇ ಚಹಾ ಕುಡಿಯುತ್ತಾರೆ. ಊಟ ತಿಂಡಿಗೂ ಚಹಾಕ್ಕೂ ಒಂದು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯನ್ನು ಚಹಾ ಜೊತೆ ನುಂಗಲೇಬೇಡಿ. ಊಟಕ್ಕೆ ನಿಂಬೆಹುಳಿ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ.

ಕುಮಟಾ ಈರುಳ್ಳಿಯಲ್ಲಿ ಏನಾದರೂ ವಿಶೇಷ ಇದೆಯಾ?

ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಆ ಸಿಹಿ ಈರುಳ್ಳಿ ಯಾರಿಗೆ ಬೇಡ? ಈರುಳ್ಳಿಯ ಪಾಲಿಫಿನಾಲ್ ಹೆಸರು ಕ್ವೆರ್ಸೆಟಿನ್. ಬಿಳಿಯದಕ್ಕಿಂತ ಬಣ್ಣದ ಈರುಳ್ಳಿಯಲ್ಲಿ ಜಾಸ್ತಿ, ಒಳಗಿಗಿಂತ ಹೊರಪದರದಲ್ಲಿ ಜಾಸ್ತಿ. ಹಾಗಾಗಿ ಒಣ ಸಿಪ್ಪೆಯ ಜೊತೆ ಎರಡು ರಸಭರಿತ ಪದರ ಕಿತ್ತು ಬಿಸಾಡಬೇಡಿ. ಬೇಯಿಸಿದರೆ ಒಂದಿಷ್ಟು ನೀರಿಗೆ ಇಳಿಯುತ್ತದೆ, ಸಾಂಬಾರಾದರೆ ಆ ನೀರೂ ನಮ್ಮ ಹೊಟ್ಟೆಗೇ.

ಆದರೆ ಲೆಕ್ಕ ನೋಡಿ. ಕ್ವೆರ್ಸೆಟಿನ್ ಪ್ರಯೋಗಗಳಲ್ಲಿ ಮೇಲಿನ ಬಿಪಿ ಸುಮಾರು 3 ಪಾಯಿಂಟ್ ಇಳಿದದ್ದು ಕಂಡಿದೆ, ಅದೂ ದಿನಕ್ಕೆ 500 ಮಿಲಿಗ್ರಾಂ ಅಥವಾ ಹೆಚ್ಚು ಕೊಟ್ಟಾಗ. 100 ಗ್ರಾಂ ಈರುಳ್ಳಿಯಲ್ಲಿ ಕೆಲವು ಹತ್ತು ಮಿಲಿಗ್ರಾಂ ಅಷ್ಟೇ ಇರುತ್ತದೆ. ಕಿಲೋಗಟ್ಟಲೆ ಯಾರೂ ತಿನ್ನಲಾರರು. ಈರುಳ್ಳಿ ಬಿಪಿಗೆ ಔಷಧಿ ಅಲ್ಲ, ಒಳ್ಳೆಯ ಊಟದ ಒಂದು ಭಾಗ.

ಅರಿಶಿನಕ್ಕೆ ಕಾಳುಮೆಣಸು ಸೇರಿಸಬೇಕು ಅನ್ನುವುದು ನಿಜವಾ?

ಈ ಕೆಲಸ ನಮ್ಮ ಬೆಂಗಳೂರಿನದ್ದೇ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್, ಅಂದರೆ ಅರಿಶಿನದ ಹಳದಿ ಅಂಶ, ಮಾತ್ರ ಕೊಟ್ಟಾಗ ರಕ್ತದಲ್ಲಿ ಹೆಚ್ಚುಕಡಿಮೆ ಏನೂ ಕಾಣಲಿಲ್ಲ. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ, ಕೊಟ್ಟಾಗ 2000 ಶೇಕಡಾ ಹೆಚ್ಚಾಯಿತು. ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಬರೀ 3 ಶೇಕಡಾ ಆಸುಪಾಸು. ಸಾರಿಗೆ ಹಾಕುವ ಚಿಟಿಕೆ ಎಲ್ಲಿ, 2 ಗ್ರಾಂ ಕರ್ಕ್ಯುಮಿನ್ ಎಲ್ಲಿ.

ಇದೇ ಜೋಡಿಯನ್ನು ಕ್ಯಾಪ್ಸೂಲಿನಲ್ಲಿ ತುಂಬಿ ಮಾರುವುದರ ಬಗ್ಗೆ ನನಗೆ ಚಿಂತೆ ಇದೆ. ಅಮೆರಿಕ, ಇಟಲಿಯಲ್ಲಿ ಅರಿಶಿನದ ಕ್ಯಾಪ್ಸೂಲ್ ತಿಂದವರಲ್ಲಿ ಲಿವರ್ ತೊಂದರೆ ವರದಿಯಾಗಿದೆ. ಅಡುಗೆಗೆ ಹಾಕುವುದಕ್ಕೆ ಏನೂ ಭಯ ಬೇಡ.

ಅಡಿಕೆಯಲ್ಲೂ ಪಾಲಿಫಿನಾಲ್ ಇದೆಯಂತಲ್ಲ, ಹಾಗಾದರೆ ಕವಳ, ಅಂದರೆ ಎಲೆ ಅಡಿಕೆ, ಒಳ್ಳೆಯದಲ್ವಾ?

ಇದೆ, ಧಾರಾಳವಾಗಿಯೇ ಇದೆ. ಕೊನೆಕೊಯ್ಲಿನ ಹೊತ್ತಿಗೆ ಶಿರಸಿ ಸುತ್ತಲಿನ ಯಾವ ಮನೆಗೆ ಹೋದರೂ ಕಾಣುತ್ತದೆ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸುತ್ತಾರೆ. ನೀರು ಕೆಂಪಾಗಿ, ಬೇಯಿಸಿದಷ್ಟೂ ಮಂದವಾಗಿ ಚೊಗರು ಆಗುತ್ತದೆ. ಬೆಂದ ಅಡಿಕೆಗೆ ಕೆಂಪು ಹೊಳಪು ಕೊಡುವುದು ಅದೇ ಚೊಗರು. ಬಟ್ಟೆಗೆ ಬಣ್ಣ ಹಾಕುವವರೂ ಅದನ್ನು ಒಯ್ಯುತ್ತಾರೆ. ಅದರಲ್ಲಿರುವುದು ಟ್ಯಾನಿನ್ ಮತ್ತು ಕ್ಯಾಟೆಚಿನ್. ಚಹಾದಲ್ಲಿರುವ ಗುಂಪೇ.

ಆದರೂ ಕವಳ ಹೃದಯಕ್ಕೆ ಒಳ್ಳೆಯದಲ್ಲ. ಅಡಿಕೆಯಲ್ಲಿ ಪಾಲಿಫಿನಾಲ್ ಜೊತೆ ಅರೆಕೋಲಿನ್ ಇದೆ. ಅದು ನರಗಳ ಮೇಲೆ, ಹೃದಯ ಬಡಿತದ ಮೇಲೆ ಕೆಲಸ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತಂಬಾಕು ಇಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತೈವಾನಿನ ಅಧ್ಯಯನಗಳಲ್ಲಿ ಅಡಿಕೆ ಜಗಿಯುವವರಲ್ಲಿ ಹೃದಯ ರೋಗ ಹೆಚ್ಚು ಕಂಡಿದೆ. ಒಂದು ಪದಾರ್ಥದಲ್ಲಿ ಪಾಲಿಫಿನಾಲ್ ಇದೆ ಅಂದ ಮಾತ್ರಕ್ಕೆ ಅದು ಒಳ್ಳೆಯದಾಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗದು.

ಇದನ್ನು ಬರೆಯುವಾಗ ನೋವಾಗುತ್ತದೆ. ಅಡಿಕೆ ನಮ್ಮೂರಿನ ಅನ್ನ. ಮದುವೆ, ಪೂಜೆ, ಬಂದವರಿಗೆ ಉಪಚಾರ, ಯಾವುದೂ ಕವಳದ ಬಟ್ಟಲಿಲ್ಲದೆ ಆಗುವುದಿಲ್ಲ. ಬೆಳೆಯುವವರನ್ನು ಯಾರೂ ದೂರಬೇಕಾಗಿಲ್ಲ. ಆದರೆ ಈಗಾಗಲೇ ಸ್ಟೆಂಟ್ ಹಾಕಿಸಿಕೊಂಡ ಮಾವನವರಿಗೆ, ಬಿಪಿ ಇರುವ ಅತ್ತೆಯವರಿಗೆ ಊಟವಾದ ಮೇಲೆ ಬಟ್ಟಲು ಮುಂದೆ ಇಡದಿರುವುದು ನಮ್ಮ ಕೈಯಲ್ಲಿದೆ. ತಂಬಾಕಂತೂ ಪೂರ್ತಿ ಬಿಡಲೇಬೇಕು.

ಪಕ್ಕದ ಗೋವಾದಿಂದ ಕೆಂಪು ವೈನ್ ತಂದು ಸ್ವಲ್ಪ ಸ್ವಲ್ಪ ಕುಡಿಯಬಹುದಾ?

ಹೃದಯಕ್ಕೆ ಅಂತ ಬೇಡ. ವೈನಿನಲ್ಲಿರುವ ರೆಸ್ವೆರಾಟ್ರಾಲ್ ಅನ್ನುವ ಪಾಲಿಫಿನಾಲ್ ಮೇಲೆ ಒಂದು ಕಾಲದಲ್ಲಿ ಭಾರೀ ನಂಬಿಕೆ ಇತ್ತು. ವೈನಿಗೇ ಹೆಸರಾದ ಇಟಲಿಯ ಕಿಯಾಂತಿ ಪ್ರದೇಶದ ಎರಡು ಊರುಗಳ 783 ಹಿರಿಯರ ಮೂತ್ರದಲ್ಲಿ ಅದರ ಗುರುತು ಅಳೆದರು. 2014ರ ಫಲಿತಾಂಶ: ರೆಸ್ವೆರಾಟ್ರಾಲ್ ಮಟ್ಟಕ್ಕೂ ಹೃದಯ ರೋಗಕ್ಕೂ ಸಂಬಂಧ ಕಾಣಲಿಲ್ಲ, ಆಯಸ್ಸಿಗೂ ಇಲ್ಲ.

ದಾಸವಾಳದ ಕಷಾಯ ಬಿಪಿ ಇಳಿಸುತ್ತದಾ?

ಪ್ರಯೋಗ ಆದದ್ದು ನಮ್ಮ ಬೇಲಿಯ ದಾಸವಾಳದ ಮೇಲಲ್ಲ, ಬಯಲುಸೀಮೆಯವರು ಪುಂಡಿ ಅನ್ನುವ ಗಿಡದ ಕೆಂಪು ಪುಷ್ಪಪಾತ್ರೆಯ ಮೇಲೆ. 2010ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 65 ಜನ 6 ವಾರ ಇದ್ದರು. ದಿನಕ್ಕೆ ಮೂರು ಕಪ್ ಕುಡಿದವರ ಮೇಲಿನ ಬಿಪಿ ಸುಮಾರು 7 ಪಾಯಿಂಟ್ ಇಳಿಯಿತು. ದಾಸವಾಳದ ತಂಬುಳಿ ರುಚಿಗೆ ಮಾಡಿ, ಆ ಸಂಖ್ಯೆಯನ್ನು ಅದಕ್ಕೆ ಅಂಟಿಸಬೇಡಿ.

ಚಕ್ಕೋತ ಹಣ್ಣು ಮತ್ತು ಹೃದಯದ ಮಾತ್ರೆ ಒಟ್ಟಿಗೆ ತೆಗೆದುಕೊಳ್ಳಬಹುದಾ?

ಜಾಗ್ರತೆ. ಚಕ್ಕೋತದಲ್ಲಿ ಪಾಲಿಫಿನಾಲ್ ಜೊತೆಗೆ ಫ್ಯುರಾನೊಕೌಮರಿನ್ ಇದೆ. ಅದು ಕರುಳಿನಲ್ಲಿ ಔಷಧಿ ಒಡೆಯುವ ಕಿಣ್ವವನ್ನು ತಡೆಯುತ್ತದೆ. ಆಗ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ಥರದ ಕೊಲೆಸ್ಟ್ರಾಲ್ ಮಾತ್ರೆ ರಕ್ತದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಉಳಿಯಬಹುದು. ಹಿತ್ತಲಲ್ಲಿ ಮರ ಇದ್ದು ದಿನಾ ತಿನ್ನುವವರಾದರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಕೊಡಲು ಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಬಸಳೆ, ನುಗ್ಗೆಸೊಪ್ಪು ಬಿಡಬೇಕಾಗಿಲ್ಲ. ಒಂದು ವಾರ ರಾಶಿ, ಮುಂದಿನ ವಾರ ಏನೂ ಇಲ್ಲ ಅಂತ ಆಗಬಾರದು ಅಷ್ಟೇ.

ಹಸಿರು ಚಹಾದ ಸಾರದ ಮಾತ್ರೆ ಬರುತ್ತಲ್ಲ, ಅದು?

ಬೇಡ. ದಿನಕ್ಕೆ 800 ಮಿಲಿಗ್ರಾಂ ಇಜಿಸಿಜಿ (ಹಸಿರು ಚಹಾದ ಮುಖ್ಯ ಕ್ಯಾಟೆಚಿನ್) ಅಥವಾ ಅದಕ್ಕಿಂತ ಹೆಚ್ಚು ಇರುವ ಮಾತ್ರೆಗಳಿಂದ ಲಿವರ್ ಕಿಣ್ವ ಏರುತ್ತದೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಡಬ್ಬಿಯ ಮೇಲೆ ಆಂಟಿಆಕ್ಸಿಡೆಂಟ್ ಶಕ್ತಿ ತೋರಿಸುವ 'ಓರಾಕ್ ಅಂಕ' ಅಂತ ದೊಡ್ಡ ಸಂಖ್ಯೆ ಇದ್ದರೆ ಅದನ್ನೂ ನಂಬಬೇಡಿ. ಟೆಸ್ಟ್ ಟ್ಯೂಬಿನ ಆ ಅಂಕಕ್ಕೂ ದೇಹದೊಳಗಿನ ಪರಿಣಾಮಕ್ಕೂ ತಾಳೆಯಿಲ್ಲ ಅಂತ ಅಮೆರಿಕದ ಕೃಷಿ ಇಲಾಖೆ 2012ರಲ್ಲೇ ತನ್ನ ಓರಾಕ್ ಪಟ್ಟಿ ತೆಗೆದುಹಾಕಿತು.

ಎದೆ ಹಿಡಿದಂತಾದಾಗ ಮೊದಲು ಕಷಾಯ ಕುಡಿದು ನೋಡಬಹುದಾ?

ಬೇಡ. ದಯವಿಟ್ಟು ಬೇಡ. ವಾಯು ಇರಬೇಕು ಅಂತ ಓಮದ ಕಷಾಯ ಕುಡಿದು, ಬೆಳಗಾಗಲಿ ಅಂತ ಕಾದು ಕಳೆದುಕೊಂಡವರು ನಮ್ಮ ಕಡೆ ಕಡಿಮೆ ಇಲ್ಲ. ಎದೆ ಬಿಗಿತ, ಎಡಗೈಗೋ ದವಡೆಗೋ ಹಬ್ಬುವ ನೋವು, ತಣ್ಣನೆ ಬೆವರು, ಉಬ್ಬಸ, ಇದರಲ್ಲಿ ಯಾವುದಾದರೂ ಇದ್ದರೆ 108ಕ್ಕೆ ಕರೆ ಮಾಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ನೋವಿಲ್ಲದೆ ಬರೀ ಸುಸ್ತು, ವಾಕರಿಕೆಯಾಗಿಯೂ ಬರಬಹುದು.

ದೊಡ್ಡ ಆಸ್ಪತ್ರೆಗೆ ಅಂತ ದೇವಿಮನೆ ಘಟ್ಟ ಇಳಿದು ಮಣಿಪಾಲಕ್ಕೋ, ಮೇಲೆ ಹುಬ್ಬಳ್ಳಿಗೋ ಹೊರಡುವ ಮೊದಲು ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ತಾಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಅದು ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಹೆಚ್ಚು ಫಲ. ಘಟ್ಟದ ದಾರಿಯಲ್ಲಿ ಆ ಗಂಟೆಗಳು ಹೋಗಬಾರದು. ಹೋಗುವಾಗ ದಿನಾ ತಿನ್ನುವ ಮಾತ್ರೆಗಳ ಚೀಟಿ ಒಯ್ಯಿರಿ. ಕ್ಯಾಪ್ಸೂಲ್, ಚೂರ್ಣ, ಕಷಾಯ ಏನೇ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.